ಬರೇ ನವಣಿ ಉಂಡ ಐದು ತಿಂಗಳು: ಬಂದದ್ದೆಷ್ಟು, ಹೋದದ್ದೆಷ್ಟು

ಹೊಸ ಬೀಜ ಬಂದರೆ ನಾವು ಒಣ ಬೇಸಾಯದವರು ಮೊದಲು ನಾಲ್ಕು ಸಾಲು ಬಿತ್ತಿ ನೋಡುತ್ತೇವೆ. ಮಾರುವವ ಎಷ್ಟೇ ಹೊಗಳಲಿ, ಹೊಲ ಪೂರ್ತಿ ಅದರ ಕೈಗೆ ಕೊಡುವುದಿಲ್ಲ. ಮೂವತ್ತು ವರ್ಷದಿಂದ ಈ ಬುದ್ಧಿಯಿಂದಲೇ ಬೇಸಾಯ ಮಾಡಿಕೊಂಡು ಬಂದವನು ನಾನು. ಆದರೆ ನನ್ನ ಸ್ವಂತ ಹೊಟ್ಟೆಯ ವಿಷಯ ಬಂದಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ ತಿಳಿಯದು. ಒಂದು ದಿನ ಭಾಷಣ ಕೇಳಿ ಬಂದೆ, ಮರುದಿನದಿಂದಲೇ ಇಡೀ ದೇಹವನ್ನು ಒಂದೇ ಕಾಳಿಗೆ ಬರೆದುಕೊಟ್ಟೆ. ಅದರಲ್ಲಿ ಬಂದ ಲಾಭವನ್ನೂ ಆದ ಹಾನಿಯನ್ನೂ ಇಲ್ಲಿ ಮುಚ್ಚಿಡದೆ ಬರೆಯುತ್ತಿದ್ದೇನೆ. ಈಗ ನಮ್ಮ ಗದಗ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಕಡೆ ಹಳ್ಳಿ ಹಳ್ಳಿಗೂ ಇಂಥ ಪಥ್ಯದ ಗಾಳಿ ಬೀಸಿದೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು 2019ರಲ್ಲಿ, ಊರಲ್ಲಿ ನಡೆದ ಒಂದು ತಪಾಸಣಾ ಶಿಬಿರದಲ್ಲಿ. ಡಾಕ್ಟರು ಎರಡು ಥರದ ಮಾತ್ರೆ ಬರೆದುಕೊಟ್ಟರು. ನುಂಗುತ್ತಿದ್ದೆ, ಮರೆಯುತ್ತಿದ್ದೆ. ಗದಗಿಗೆ ಸಂತೆಗೆ ಹೋದರೆ ಮಿರ್ಚಿ ಬಜಿ ತಿನ್ನದೆ ಬರುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಬಿಟ್ಟಿರಲಿಲ್ಲ. ತಪ್ಪು ನನ್ನದೇ.

ಸಿರಿಧಾನ್ಯದ ಗಾಳಿ

2023ನೇ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿತ್ತು. ಅದಕ್ಕೂ ಮೊದಲೇ ನಮ್ಮ ರಾಜ್ಯ ಸರ್ಕಾರ ರೈತಸಿರಿ ಯೋಜನೆಯಲ್ಲಿ ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವುದಾಗಿ ಹೇಳಿತ್ತು. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಈ ಐದನ್ನು ಊರೂರಿಗೆ ಹೇಳಿಕೊಂಡು ಬಂದ ಮೈಸೂರಿನ ಡಾ. ಖಾದರ್ ಅವರಿಗೆ ಅದೇ ವರ್ಷ ಪದ್ಮಶ್ರೀ ಬಂತು. ನಮ್ಮ ಅಜ್ಜನ ಕಾಲದಲ್ಲಿ ಮಸಾರಿ ಹೊಲದ ಬಡವರ ಕಾಳು ಅನ್ನಿಸಿಕೊಂಡಿದ್ದ ನವಣಿ, ಸಾವಿ ಈಗ ಶಹರದ ಅಂಗಡಿಯಲ್ಲಿ ಚಂದದ ಪಾಕೀಟಿನಲ್ಲಿ ಕೂತಿತು. ನವಣಿ ಬೆಳೆಯುವವನಾಗಿ ನನಗೂ ಸಂತೋಷವೇ ಆಗಿತ್ತು.

ಈ ಗಾಳಿಯಲ್ಲಿ ತೂರಿಕೊಳ್ಳುವವರೂ ಬಂದರು. ನಾನು ಹೆಸರು ಹೇಳುವುದಿಲ್ಲ, ಅವರು ಈ ಕಡೆಯವರೂ ಅಲ್ಲ. ಯಾರದೋ ಮಾತು ಕೇಳಿ, ಅದಕ್ಕೆ ತಮ್ಮದೂ ನಾಲ್ಕು ಸೇರಿಸಿ ಹೇಳುವವರು. ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಭಾಷಣ ಇಟ್ಟಿದ್ದರು. "ಅಕ್ಕಿ, ಗೋಧಿ, ಜೋಳ, ಹಾಲು, ಮಸರು, ಬ್ಯಾಳಿ ಎಲ್ಲಾ ಬಿಡ್ರಿ. ಮುಂಜಾನೆ ಅಂಬಲಿ, ಸಂಜಿಮುಂದ ನವಣಿ ಅನ್ನ. ಎಂಟು ವಾರದಾಗ ಮಾತ್ರಿ ಡಬ್ಬಿ ತಿಪ್ಪಿಗಿ ಹಾಕ್ತೀರಿ" ಎಂದರು. ಸಭೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಹೊರಗೆ ಬಂದರೆ ಕಾಳಿನ ಪಾಕೀಟು ಮಾರಾಟಕ್ಕೆ. ನವಣಕ್ಕಿ ಕಿಲೋಕ್ಕೆ 140 ರೂಪಾಯಿ. ಅದೇ ಸುಗ್ಗಿಯಲ್ಲಿ ನಾನು ನವಣಿ ಮಾರಿದ್ದು ಕ್ವಿಂಟಲ್ಲಿಗೆ 2,400ಕ್ಕೆ. ಕಿಲೋಕ್ಕೆ 24 ಬಿತ್ತು. ಅಷ್ಟಕ್ಕಾದರೂ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ.

ಪಟ್ಟಿ ಪುಸ್ತಕದಲ್ಲಿ ಬರೆದದ್ದು

ಬಿತ್ತಿದ್ದು, ಬೆಳೆದದ್ದು, ಆಳಿನ ಪಗಾರ ಎಲ್ಲ ಬರೆದಿಡುವುದು ನನ್ನ ರೂಢಿ. ಪಥ್ಯದ್ದೂ ಬರೆದೆ. ಉಳ್ಳಾಗಡ್ಡಿ ಚೀಲ ತೂಗುವ ಕಾಟಾದ ಮೇಲೆ ನಿಂತು ತೂಕ ನೋಡುತ್ತಿದ್ದೆ. ಮಗ ಸಕ್ಕರೆ ನೋಡುವ ಸಣ್ಣ ಯಂತ್ರ ತಂದುಕೊಟ್ಟಿದ್ದ.

ಶುರು ಮಾಡಿದ ದಿನ: ತೂಕ 76 ಕಿಲೋ, ಬರೀ ಹೊಟ್ಟೆಯ ಸಕ್ಕರೆ 192.
ಒಂದು ವಾರಕ್ಕೆ: ತೂಕ 73.
ನಾಲ್ಕು ವಾರಕ್ಕೆ: ತೂಕ 70, ಸಕ್ಕರೆ 134.

ಖುಷಿ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆಲ್ಲ ಪುಸ್ತಕ ತೋರಿಸಿದೆ. ನನ್ನ ಮಾತು ಕೇಳಿ ಇನ್ನೂ ಇಬ್ಬರು ಪಥ್ಯ ಹಿಡಿದರು. ಮೈ ಹಗುರಾಗಿತ್ತು, ಮೊಣಕಾಲು ನೋವು ಕಡಿಮೆಯಾಗಿತ್ತು, ರಾತ್ರಿ ನಾಲ್ಕು ಸಲ ಏಳುವುದು ಒಂದಕ್ಕೆ ಇಳಿದಿತ್ತು. ಇದು ಸುಳ್ಳಲ್ಲ. ಮೊದಲ ತಿಂಗಳ ಲಾಭ ನಿಜವಾದದ್ದೇ.

ರಂಟೆ ಹೊಡೆಯುವಾಗ

ಯುಗಾದಿ ಮುಗಿದು ವಾರವಾಗಿತ್ತು. ಮುಂಜಾನೆ ಒಂದು ಬಟ್ಟಲು ಅಂಬಲಿ ಕುಡಿದು, ಮಾತ್ರೆ ನುಂಗಿ ರಂಟೆ ಹೊಡೆಯಲು ಹೋದೆ. ಬಿಸಿಲು ಏರಿತ್ತು. ಕೈ ನಡುಗಿತು, ತಣ್ಣನೆ ಬೆವರು ಬಂತು, ಕಣ್ಣು ಕತ್ತಲಾಯಿತು. ಆಮೇಲಿನದು ನನಗೆ ನೆನಪಿಲ್ಲ. ಎತ್ತು ತಾವೇ ನಿಂತಿದ್ದವಂತೆ. ಬಾಜೂ ಹೊಲದ ಹುಡುಗ ಓಡಿ ಬಂದು "ಕಾಕಾ, ಕಾಕಾ" ಎಂದು ಅಲುಗಾಡಿಸಿ, ಬುತ್ತಿ ಗಂಟಿನಲ್ಲಿದ್ದ ಬೆಲ್ಲ ಬಾಯಿಗೆ ಇಟ್ಟ. ಸ್ವಲ್ಪ ಎಚ್ಚರ ಬಂದ ಮೇಲೆ ಮಗ ಯಂತ್ರ ತಂದು ನೋಡಿದರೆ ಸಕ್ಕರೆ 48. ಬೆಲ್ಲ ತಿಂದ ಮೇಲೆಯೂ 48!

ಇದರ ಕಾರಣ ನನಗೆ ಆಮೇಲೆ ಗೊತ್ತಾಯಿತು. ಸಕ್ಕರೆ ಮಾತ್ರೆಗಳಲ್ಲಿ ಕೆಲವು ಊಟ ಇರಲಿ ಬಿಡಲಿ, ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಮೊದಲಿನ ಊಟಕ್ಕೆ ಅಳತೆ ಮಾಡಿ ಕೊಟ್ಟ ಮಾತ್ರೆ, ಅರ್ಧ ಊಟಕ್ಕೆ ಹೆಚ್ಚಾಗುತ್ತದೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಪಾಯ. ಎಚ್ಚರ ಇದ್ದರೆ ಆಗಿಂದಾಗಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು. ಕಾಲು ತಾಸಿನ ಮೇಲೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಗಂಟಲಿಗೆ ಸಿಕ್ಕೀತು. ಸೀದಾ ದವಾಖಾನೆಗೆ ಒಯ್ಯಬೇಕು. ಆ ಹುಡುಗ ಬೆಲ್ಲ ಇಟ್ಟಾಗ ನನಗೆ ನುಂಗುವಷ್ಟು ಅರಿವು ಇತ್ತು, ಅದು ನನ್ನ ಪುಣ್ಯ.

ಊಟ ಬದಲು ಮಾಡುವ ಮೊದಲು ಡಾಕ್ಟರಿಗೆ ಹೇಳಿ ಮಾತ್ರೆಯ ಅಳತೆ ಬದಲಿಸಿಕೊಳ್ಳಬೇಕಿತ್ತು. ನಾನು ಮಾಡಿದ್ದೇನು? ಭಾಷಣದವರಿಗೆ ಫೋನ್ ಹಚ್ಚಿದೆ. "ಮಾತ್ರಿನ ನಿಮಗ ವಿಷ ಆಗೇತಿ, ಇವತ್ತ ಒಗೀರಿ" ಎಂದರು. ಎರಡೂ ಥರದ ಮಾತ್ರೆ ಒಗೆದೆ. ಯಂತ್ರಕ್ಕೆ ಹಾಕುವ ಪಟ್ಟಿ ದುಬಾರಿ ಎಂದು ಸಕ್ಕರೆ ನೋಡುವುದನ್ನೂ ಬಿಟ್ಟೆ. ತೂಕ ಮಾತ್ರ ಬರೆಯುತ್ತ ಹೋದೆ.

ಕಾಟಾ ಹೇಳದ ಮಾತು

ಹತ್ತು ವಾರಕ್ಕೆ 66. ಹದಿನಾರು ವಾರಕ್ಕೆ 62. ಐದು ತಿಂಗಳಿಗೆ 60. ತೂಕ ಇಳಿದಷ್ಟೂ ಪಥ್ಯ ಫಲಿಸಿತು ಎಂದೇ ತಿಳಿದೆ. ನಡುವೆ ಹಸಿವು ಹೆಚ್ಚಾಯಿತು. ನವಣಿ ಎಷ್ಟು ತಿಂದರೂ ನಡೆಯುತ್ತದೆ ಎಂದು ಹೇಳಿದ್ದರಲ್ಲ, ತಾಟು ತುಂಬಾ ತಿಂದೆ. ನವಣಿ ಹೋಳಿಗೆ, ನವಣಿ ಉಂಡಿ ಕೂಡ ಬೆಲ್ಲ ಹಾಕಿ ತಿಂದೆ. ನೀರಡಿಕೆ ತಡೆಯದು, ರಾತ್ರಿ ಏಳುವುದು ಮತ್ತೆ ಶುರುವಾಯಿತು. "ದೇಹದ ವಿಷ ಹೊರಗ ಹೊಂಟೇತಿ, ಹೆದರಬ್ಯಾಡ್ರಿ" ಎಂಬ ಉತ್ತರ ಬಂತು.

ಆ ವರ್ಷ ಮುಂಗಾರು ತಡವಾಯಿತು. ಹೆಸರು ಬಿತ್ತಲೋ ಬೇಡವೋ ಎಂದು ಹೊಲ ತಿರುಗುವಾಗ ಕಾಲಿಗೆ ಜಾಲಿಮುಳ್ಳು ಮುರಿಯಿತು. ಮುಳ್ಳು ಮುರಿಯುವುದು ನಮಗೇನು ಹೊಸದೇ? ಆದರೆ ಈ ಸಲ ಗಾಯ ಮಾಯಲಿಲ್ಲ. ಇಪ್ಪತ್ತು ದಿನಕ್ಕೆ ಕೀವು ಕಟ್ಟಿ, ಕಾಲು ಬಾತು, ಜ್ವರ ಬಂತು. ಮಗ ಬೈದು ಎತ್ತಿಕೊಂಡು ದೊಡ್ಡ ದವಾಖಾನೆಗೆ ಒಯ್ದ. ಅಲ್ಲಿ ಸಕ್ಕರೆ 312.

ನಾನು ಹೆಮ್ಮೆಯಿಂದ ಪಟ್ಟಿ ಪುಸ್ತಕ ತೋರಿಸಿದೆ. ಡಾಕ್ಟರು ಸಮಾಧಾನದಿಂದ ನೋಡಿ, "ಯಜಮಾನ್ರ, ಮೊದಲಿನ ವಾರದ ಮೂರು ಕಿಲೋದಾಗ ಹೆಚ್ಚಿನದು ನೀರು. ಆಮ್ಯಾಲಿಂದು ಕೊಬ್ಬು ಖರೇ, ಒಳ್ಳೇದಾತು. ಆದರ ಮಾತ್ರಿ ಬಿಟ್ಟಮ್ಯಾಲೆ ಇಳದದ್ದು ಪಥ್ಯದ ಲಾಭ ಅಲ್ಲ. ಸಕ್ಕರಿ ಮೂತ್ರದಾಗ ಹೋಗಿ, ಮೈಯಾಗಿನ ಮಾಂಸಖಂಡ ಕರಗೇತಿ. ರೋಗ ನಿಮ್ಮನ್ನ ತಿಂದದ್ದನ್ನ ನೀವು ಲಾಭ ಅಂತ ಬರಕೊಂಡೀರಿ" ಎಂದರು.

ಆ ಮಾತು ಈಗಲೂ ಕಿವಿಯಲ್ಲಿದೆ. ಕಾಟಾ ಎಷ್ಟು ಇಳಿಯಿತು ಎಂದು ಹೇಳುತ್ತದೆ, ಯಾತರಿಂದ ಇಳಿಯಿತು ಎಂದು ಹೇಳುವುದಿಲ್ಲ. ಇನ್ನು ನವಣಕ್ಕಿ ಎಷ್ಟು ತಿಂದರೂ ನಡೆಯುತ್ತದೆ ಎಂಬುದೂ ಸುಳ್ಳು. ಅಕ್ಕಿ, ಜೋಳ, ನವಣೆ ಯಾವುದನ್ನು ನೂರು ಗ್ರಾಂ ತೆಗೆದುಕೊಂಡರೂ ಶಕ್ತಿ ಹೆಚ್ಚು ಕಡಿಮೆ 330ರಿಂದ 350 ಕ್ಯಾಲರಿ. ನವಣೆಯ ಹೆಚ್ಚುಗಾರಿಕೆ ಅದರ ನಾರಿನಲ್ಲಿ. ನಾರು ಇದ್ದರೆ ಸಕ್ಕರೆ ನಿಧಾನ ಏರುತ್ತದೆ. ಗಿರಣಿಯಲ್ಲಿ ಬೆಳ್ಳಗೆ ಪಾಲಿಶ್ ಮಾಡಿಸಿದರೆ ಆ ನಾರೂ ತೌಡಿನ ಜೊತೆ ದನಕ್ಕೆ ಹೋಯಿತು. ನಾನು ಕಿಲೋಕ್ಕೆ 140 ಕೊಟ್ಟು ತಂದದ್ದು ಅಂಥದೇ ಬೆಳ್ಳನೆಯದು.

ನಮ್ಮನೆಯಾಕೆಯ ಪಥ್ಯ

ಅದೇ ದಿನ ದವಾಖಾನೆಯಲ್ಲಿ ನನ್ನ ಹಾಸಿಗೆಯ ಬಾಜೂ ನಿಂತಿದ್ದ ನಮ್ಮನೆಯಾಕೆ ತಲೆ ತಿರುಗಿ ಗೋಡೆ ಹಿಡಿದಳು. ನರ್ಸಬಾಯಿ ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8.1. ಹೆಣ್ಣುಮಕ್ಕಳಿಗೆ 12 ಇರಬೇಕು.

ಆಕೆಗೆ ಸಕ್ಕರೆ ಕಾಯಿಲೆ ಇಲ್ಲ. ಯಾವ ಪಥ್ಯದ ಜರೂರೂ ಇರಲಿಲ್ಲ. "ನೀವು ಅಂಬಲಿ ಕುಡಿಯುವಾಗ ನಾ ಹೆಂಗ ರೊಟ್ಟಿ, ಮಸರು ಉಣ್ಲಿ?" ಎಂದು ಐದು ತಿಂಗಳು ನನ್ನ ಜೊತೆ ಅದನ್ನೇ ಉಂಡಿದ್ದಳು. ಅದೂ ನಾವೆಲ್ಲ ಉಂಡ ಮೇಲೆ ಉಳಿದದ್ದು. ನಾನು ನನ್ನ ತೂಕ ಐದು ತಿಂಗಳು ಬರೆದಿಟ್ಟೆ, ಆಕೆಯದು ಒಂದು ದಿನವೂ ಬರೆಯಲಿಲ್ಲ. ರಕ್ತ ಮೊದಲೇ ಕಡಿಮೆ ಇದ್ದಿರಬೇಕು, ಬೇಳೆ, ಕಾಳು, ಸೊಪ್ಪು ಬಿಟ್ಟದ್ದರಿಂದ ಇನ್ನೂ ಇಳಿದಿದೆ ಎಂದರು ಡಾಕ್ಟರು. ಕಾಳಿನಲ್ಲಿ ಕಬ್ಬಿಣಾಂಶ ಇದ್ದರೂ ಅದನ್ನು ಹಿಡಿದಿಡುವ ಅಂಶವೂ ಇರುತ್ತದಂತೆ. ಲಿಂಬೆಹಣ್ಣು, ಪುಂಡಿಪಲ್ಯದಂಥ ಹುಳಿ ಜೊತೆಗಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಬರೇ ಕಾಳು ತಿಂದರೆ ಅಷ್ಟು ಹತ್ತುವುದಿಲ್ಲ.

ಕಾಲಿನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಮುಂದೆ ಬರ ಘೋಷಣೆಯಾದ ವರ್ಷವದು. ಇದ್ದಷ್ಟು ಹೊಲವನ್ನು ಬಾಡಿಗೆ ಟ್ರ್ಯಾಕ್ಟರಿನಿಂದ ಬಿತ್ತಿಸಿದೆವು. ದವಾಖಾನೆ, ಔಷಧ, ಟ್ರ್ಯಾಕ್ಟರು, ಪಾಕೀಟಿನ ಕಾಳು ಸೇರಿ 38,000 ರೂಪಾಯಿ ಖರ್ಚು ಪುಸ್ತಕದಲ್ಲಿ ಇದೆ. ಆಕೆಯ ಸುಸ್ತಿಗೆ ಯಾವ ಕಾಲಮ್ಮಿನಲ್ಲಿ ಬರೆಯಲಿ?

ಒಂದೇ ಕಾಳಿನ ಹಳೆಯ ಕಥೆ

ಒಂದೇ ಕಾಳು ಉಂಡು ಕೆಟ್ಟವರಲ್ಲಿ ನಾನು ಮೊದಲನೆಯವನಲ್ಲ. ಅವರು ಬಡತನದಿಂದ ಉಂಡರು, ನಾನು ದುಡ್ಡು ಕೊಟ್ಟು ಉಂಡೆ, ಅಷ್ಟೇ ಫರಕು.

ನಮ್ಮ ಜೋಳದ ಸೀಮೆಯ ಕಥೆಯನ್ನೇ ಕೇಳಿ. ದಖನ್ನಿನ ಬಡ ಕೂಲಿಗಳಲ್ಲಿ ಹಿಂದೆ ಪೆಲಾಗ್ರ ಎಂಬ ರೋಗ ಇತ್ತು. ಬಿಸಿಲು ಬಿದ್ದ ಕಡೆಯ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು ಅದರ ಗುರುತು. ಹೈದರಾಬಾದಿನ ಪೌಷ್ಟಿಕಾಹಾರ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಠಿಯಾ 1960ರಲ್ಲಿ ಈ ರೋಗಕ್ಕೂ ಬರೇ ಜೋಳದ ಊಟಕ್ಕೂ ಇರುವ ಸಂಬಂಧ ತೋರಿಸಿದರು. ನಯಾಸಿನ್ ಎಂಬ ಜೀವಸತ್ವ ಮೈಗೆ ಸಾಲದೆ ಬರುವ ರೋಗವಿದು. ಜೋಳ ಕೆಟ್ಟ ಕಾಳೇನು? ಅಲ್ಲ. ನಾವು ಅದನ್ನೇ ಉಂಡು ಬೆಳೆದವರು. ರೊಟ್ಟಿಯ ಜೊತೆ ಕಾಳಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇದ್ದ ಮನೆಗೆ ಜೋಳ ಬಲ ಕೊಟ್ಟಿತು. ರೊಟ್ಟಿ, ಉಪ್ಪು, ಖಾರ ಬಿಟ್ಟು ಬೇರೇನೂ ಇಲ್ಲದವರಿಗೆ ರೋಗ ಕೊಟ್ಟಿತು.

ಮಧ್ಯಪ್ರದೇಶದ ಕಡೆ ಬರಗಾಲದಲ್ಲಿ ಕೇಸರಿ ಬೇಳೆಯನ್ನೇ ತಿಂಗಳುಗಟ್ಟಲೆ ತಿಂದವರ ಕಾಲಿನ ಶಕ್ತಿ ಹೋಗಿ ಕೋಲು ಹಿಡಿಯುವಂತಾಯಿತು. ಹಾರಕದ ಮತ್ತು ನಮ್ಮ ಹಿರಿಯರಿಗೆ ಗೊತ್ತೇ ಇತ್ತು. ಮಳೆಗೆ ಸಿಕ್ಕು ಬೂಷ್ಟು ಹಿಡಿದ ಹಾರಕ ಉಂಡರೆ ತಲೆ ತಿರುಗುತ್ತದೆ. 2024ರ ಅಕ್ಟೋಬರ್ ಕೊನೆಗೆ ಮಧ್ಯಪ್ರದೇಶದ ಬಾಂಧವಗಡ ಕಾಡಿನಲ್ಲಿ ಹಾರಕದ ಹೊಲ ಮೇಯ್ದ ಹತ್ತು ಆನೆಗಳು ಸತ್ತವು. ಅವುಗಳ ಹೊಟ್ಟೆಯಲ್ಲಿ ಬೂಷ್ಟಿಗೆ ಸಂಬಂಧಿಸಿದ ವಿಷ ಸಿಕ್ಕಿತು. ಆನೆಗೇ ಹೀಗಾದರೆ ನಮ್ಮದೇನು? ಹಾರಕ ಉಣ್ಣುವವರು ಚೆನ್ನಾಗಿ ಒಣಗಿದ, ಹಸನಾದ ಕಾಳನ್ನೇ ಉಣ್ಣಬೇಕು.

ಕಾಳಿನ ಪಥ್ಯ ಒಂದೇ ಅಲ್ಲ. ಈಗ ಹುಡುಗರ ಮೊಬೈಲಿನಲ್ಲಿ ಬರೇ ಹಣ್ಣಿನ ರಸ, ಬರೇ ನೀರು, ಅನ್ನ ರೊಟ್ಟಿ ಬಿಟ್ಟು ಬರೇ ಕೊಬ್ಬು ತಿನ್ನುವ ಕೀಟೋ ಹೀಗೆ ನೂರೆಂಟು ಬರುತ್ತವೆ. ಕೀಟೋ ಪಥ್ಯವನ್ನು 1921ರಲ್ಲಿ ಅಮೆರಿಕದ ಡಾಕ್ಟರೊಬ್ಬರು ಮೂರ್ಛೆರೋಗದವರಿಗಾಗಿ ಹುಡುಕಿದ್ದು. ಇಂದಿಗೂ ಔಷಧಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ದವಾಖಾನೆಯ ನಿಗಾದಲ್ಲಿ ಕೊಡುತ್ತಾರೆ. ಅದು ಈಗ ಸೊಂಟ ಸಣ್ಣ ಮಾಡುವ ಉಪಾಯವಾಗಿದೆ. 2025ರ ಮಾರ್ಚ್‌ನಲ್ಲಿ ಕೇರಳದಲ್ಲಿ ಒಬ್ಬ ಹರೆಯದ ಹುಡುಗಿ ದಪ್ಪಗಾಗುತ್ತೇನೆಂಬ ಹೆದರಿಕೆಯಲ್ಲಿ ಊಟ ಬಿಟ್ಟು ತೀರಿಹೋದ ಸುದ್ದಿ ಪತ್ರಿಕೆಯಲ್ಲಿ ಓದಿ ನನ್ನ ಮೊಮ್ಮಗಳ ಮುಖ ನೆನಪಾಯಿತು.

ಹಾಗಾದರೆ ಪಥ್ಯವೇ ತಪ್ಪೇ?

ಹಾಗೆ ಹೇಳಿದರೆ ನಾನೂ ಭಾಷಣದವರ ಸಾಲಿಗೆ ಸೇರಿದಂತಾಯಿತು. ಲಾಭದ ಲೆಕ್ಕವನ್ನೂ ಕೊಡಬೇಕು.

ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರು ಹಲವು ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ವರದಿ ಮಾಡಿದರು. ಸಿರಿಧಾನ್ಯ, ಜೋಳ ಉಂಡ ಸಕ್ಕರೆ ಕಾಯಿಲೆಯವರಲ್ಲಿ ಬರೀ ಹೊಟ್ಟೆಯ ಸಕ್ಕರೆ ಸರಾಸರಿ ನೂರಕ್ಕೆ 12, ಊಟದ ನಂತರದ್ದು ನೂರಕ್ಕೆ 15 ಇಳಿದಿತ್ತು. ಇದು ಒಳ್ಳೆಯ ಲಾಭ. ಆದರೆ ನೂರಕ್ಕೆ 12 ಅಂದರೆ 192 ಇದ್ದದ್ದು 170ರ ಹತ್ತಿರ ಬರುತ್ತದೆ. ಮಾತ್ರೆ ತಿಪ್ಪೆಗೆ ಹಾಕುವಷ್ಟು ಅಲ್ಲ.

ಕಡು ಪಥ್ಯದಿಂದ ಸಕ್ಕರೆ ಕಾಯಿಲೆ ಹಿಂದೆ ಸರಿಯುವುದೂ ಉಂಟು. ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದ ಫಲ 2017ರಲ್ಲಿ ಹೊರಬಂತು. ದಿನಕ್ಕೆ ಸುಮಾರು 850 ಕ್ಯಾಲರಿಯಷ್ಟೇ ಆಹಾರ, ಮೂರರಿಂದ ಐದು ತಿಂಗಳು. ವರ್ಷದ ಕೊನೆಗೆ ಹೆಚ್ಚು ಕಡಿಮೆ ಅರ್ಧದಷ್ಟು ಜನ ಮಾತ್ರೆಯಿಲ್ಲದೆ ಹದದಲ್ಲಿದ್ದರು. ಎರಡು ವರ್ಷಕ್ಕೆ ಅದು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅವರೂ ಮೊದಲ ದಿನವೇ ಸಕ್ಕರೆ ಮಾತ್ರೆ ನಿಲ್ಲಿಸಿದರು, ಆದರೆ ಡಾಕ್ಟರು, ನರ್ಸು ಪಕ್ಕದಲ್ಲಿದ್ದು ರಕ್ತ ನೋಡುತ್ತಿದ್ದರು. ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಸೇರಿಸಿಕೊಂಡಿರಲಿಲ್ಲ. ರೋಗ ಶುರುವಾಗಿ ಆರು ವರ್ಷದೊಳಗಿನವರನ್ನೇ ಆರಿಸಿದ್ದರು. ಕುಡಿಯಲು ಕೊಟ್ಟದ್ದರಲ್ಲಿ ಜೀವಸತ್ವ ಎಲ್ಲ ತೂಗಿ ಹಾಕಿದ್ದರು. ಆಮೇಲೆ ಮೆಲ್ಲಗೆ ಸಾದಾ ಊಟಕ್ಕೆ ತಂದರು. ಕಲ್ಯಾಣಮಂಟಪದ ಭಾಷಣದಲ್ಲಿ ಇದರಲ್ಲಿ ಯಾವುದಿತ್ತು?

ಈಗ ನಮ್ಮ ತಾಟು

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯವರು 2024ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿದ್ದಾರೆ. ಕೂತು ಕೆಲಸ ಮಾಡುವವರಿಗೆ ದಿನಕ್ಕೆ ಎಲ್ಲ ಥರದ ಧಾನ್ಯ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಾಲು ಮಜ್ಜಿಗೆ 300 ಮಿಲಿ, ಸ್ವಲ್ಪ ಹಣ್ಣು, ಶೇಂಗಾ ಎಳ್ಳಿನಂಥವು 35 ಗ್ರಾಂ. ರಂಟೆ ಹೊಡೆಯುವವರಿಗೆ ಇನ್ನೂ ಹೆಚ್ಚು ಬೇಕು. ತೂಕ ಇಳಿಸುವವರು ವಾರಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ನಿಧಾನ ಇಳಿಸಬೇಕು, ದಿನದ ಊಟ 1,000 ಕ್ಯಾಲರಿಗಿಂತ ಕೆಳಗೆ ಹೋಗಬಾರದು ಎಂದಿದ್ದಾರೆ.

ಇದನ್ನು ಓದಿ ನನಗೆ ನಮ್ಮ ಅಕ್ಕಡಿ ಸಾಲು ನೆನಪಾಯಿತು. ಜೋಳದ ನಡುವೆ ತೊಗರಿ, ಹೆಸರು, ಮಡಿಕೆ, ಬದುವಿಗೆ ಪುಂಡಿ, ಅಗಸಿ. ಮಳೆ ಹೇಗೇ ಆದರೂ ಒಂದು ಹೋದರೆ ಒಂದು ಕೈಗೆ ಸಿಗುತ್ತಿತ್ತು. ಹೊಲದಲ್ಲಿ ಅಕ್ಕಡಿ ಹೋದ ಮೇಲೆ ತಾಟಿನಲ್ಲೂ ಹೋಯಿತು.

ಈಗ ನಮ್ಮ ಮನೆಯಲ್ಲಿ ಮುಂಜಾನೆ ಎರಡು ಜೋಳದ ಇಲ್ಲವೇ ಸಜ್ಜಿ ರೊಟ್ಟಿ, ಮಡಿಕೆ ಅಥವಾ ಹೆಸರುಕಾಳ ಪಲ್ಯ, ಅಗಸಿ ಇಲ್ಲವೇ ಗುರೆಳ್ಳು ಹಿಂಡಿ, ಹಕ್ಕರಕಿ, ಮೂಲಂಗಿ ಹಸಿಯಾಗಿ. ರಾತ್ರಿ ಪಾಲಿಶ್ ಮಾಡಿಸದ ನವಣಿ ಅನ್ನ ಒಂದು ಬಟ್ಟಲು, ಸೊಪ್ಪಿನ ಸಾರು, ಮಜ್ಜಿಗೆ. ಚಹಾಕ್ಕೆ ಸಕ್ಕರೆ ಇಲ್ಲ. ಮಿರ್ಚಿ ತಿಂಗಳಿಗೆ ಒಂದು ಸಲ, ಒಂದೇ. ಮಾತ್ರೆ ಒಂದು ಥರದ್ದಷ್ಟೇ ಉಳಿದಿದೆ, ಅದನ್ನೂ ಕಡಿಮೆ ಮಾಡಿದವರು ಡಾಕ್ಟರೇ. ತೂಕ 66ಕ್ಕೆ ನಿಂತಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಮೊದಲು 8.9 ಇತ್ತು, ಈಗ 6.9. ನಮ್ಮನೆಯಾಕೆಯ ರಕ್ತ 11.8ಕ್ಕೆ ಏರಿದೆ. ಈಗ ನಾವಿಬ್ಬರೂ ಒಟ್ಟಿಗೇ ಉಣ್ಣುತ್ತೇವೆ. ಪಟ್ಟಿ ಪುಸ್ತಕದಲ್ಲಿ ಆಕೆಯದೂ ಒಂದು ಪುಟ ಇದೆ.

ಪಥ್ಯ ಹಿಡಿಯುವ ಮೊದಲು

• ಸಕ್ಕರೆ, ರಕ್ತದೊತ್ತಡದ ಮಾತ್ರೆ ನುಂಗುವವರು ಊಟ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿರಿ. ಇನ್ಸುಲಿನ್ ಚುಚ್ಚಿಕೊಳ್ಳುವವರು ತಾವಾಗಿ ನಿಲ್ಲಿಸಿದರೆ ಜೀವಕ್ಕೇ ಅಪಾಯ.

• ಬಸುರಿ, ಬಾಣಂತಿ, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆ ಇದ್ದವರು ಯಾವ ಕಡು ಪಥ್ಯಕ್ಕೂ ತಾವಾಗಿ ಕೈ ಹಾಕಬಾರದು.

• ಶಿವರಾತ್ರಿಯ ಒಂದು ದಿನದ ಉಪವಾಸ ಬೇರೆ, ತಿಂಗಳುಗಟ್ಟಲೆ ಅರೆಹೊಟ್ಟೆ ಬೇರೆ. ಮಾತ್ರೆ ನುಂಗುವವರು ಒಂದು ದಿನದ ಉಪವಾಸಕ್ಕೂ ಕೇಳಿಯೇ ಮಾಡಿರಿ.

• ತೂಕ ಒಂದನ್ನೇ ನೋಡಬೇಡಿ. ಸಕ್ಕರೆ, ಹಿಮೋಗ್ಲೋಬಿನ್ ಎರಡನ್ನೂ ನೋಡಿಸಿರಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದವರಿಗೆ ಸಕ್ಕರೆ ತಪಾಸಣೆ ಪುಕ್ಕಟೆ.

• ಎಲ್ಲ ರೋಗಕ್ಕೂ ಒಂದೇ ಮದ್ದು ಎನ್ನುವವರು, ಭಾಷಣದ ಬಾಗಿಲಲ್ಲೇ ಸಾಮಾನು ಮಾರುವವರು ಕಂಡರೆ ಜೇಬು ಹಿಡಿದುಕೊಳ್ಳಿರಿ.

• ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ. ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಿರಿ.

ನನ್ನ ಮಾತು ಕೇಳಿ ಪಥ್ಯ ಹಿಡಿದಿದ್ದ ಇಬ್ಬರ ಮನೆಗೆ ಗಾಯ ಮಾದ ಮೇಲೆ ನಾನೇ ಹೋಗಿ ನಡೆದದ್ದೆಲ್ಲ ಹೇಳಿದೆ. ಒಬ್ಬರು ಬಿಟ್ಟರು. ಇನ್ನೊಬ್ಬರು "ನಿಮಗ ನಂಬಿಕಿ ಸಾಲಲಿಲ್ಲ ಬಿಡ್ರಿ" ಎಂದು ನಕ್ಕು ಇನ್ನೂ ಮುಂದುವರಿಸಿದ್ದಾರೆ. ಅವರ ಮನೆಗೆ ತಿಂಗಳಿಗೊಮ್ಮೆ ಯಂತ್ರ ಒಯ್ದು ಸಕ್ಕರೆ ನೋಡಿ ಬರುತ್ತೇನೆ. ಪಟ್ಟಿಯ ಖರ್ಚು ನನ್ನದು.